ಪೈಲ್ವಾನನಿಗೆ ಬಣ್ಣ ಬಂದದ್ದು

ಎಲ್ಲದಕ್ಕೂ ಕಾರಣ ಒಂದು ನೀಲಿ ಪ್ಲಾಸ್ಟಿಕ್ ತಾಡಪತ್ರಿ. ಮಿರಜದ ಹತ್ತಿರದ ಆರಗ ಎಂಬ ಹಳ್ಳಿಯ ಧೋಂಡಿಬಾ ತನ್ನ ಟಗರಿಗೆ ಬಿಸಿಲು ತಾಗಬಾರದೆಂದು ಅದನ್ನು ಹಟ್ಟಿಯ ಮೇಲೆ ಕಟ್ಟಿದ್ದ. ಅದರ ಕೆಳಗೇ ಟಗರನ್ನು ನಿಲ್ಲಿಸಿ, ಎಡಕ್ಕೆ ತಾನು, ಬಲಕ್ಕೆ ಹೆಂಡತಿ ತುಳಸವ್ವ ನಿಂತು, ತಮ್ಮ ಶಿವಾಜಿಯ ಕೈಯಲ್ಲಿ ಫೋಟೊ ಹೊಡೆಸಿಕೊಂಡ. ಮೂವರೂ ನೆಟ್ಟಗೆ ನಿಂತಿದ್ದರು, ಟಗರಂತೂ ಎಲ್ಲರಿಗಿಂತ ಗಂಭೀರವಾಗಿತ್ತು. ಆದರೆ ತಾಡಪತ್ರಿಯ ನೀಲಿ ಎಲ್ಲರ ಮೇಲೂ ಇಳಿದುಬಿಟ್ಟಿತ್ತು. ಬಿಳಿ ಮೈಯ ಮೇಲೆ ಕಂದು ಮಚ್ಚೆಗಳಿದ್ದ ಆ ಟಗರು ನೀಲಿ ಹೆಚ್ಚಾದ ಧೋತರದ ಹಾಗೆ ಕಾಣುತ್ತಿತ್ತು.

ಫೋಟೊ ತೆಗೆದದ್ದು ಆರಗದಲ್ಲಿ. ಅದಕ್ಕಾಗಿ ಪಾಡು ಪಟ್ಟದ್ದು ಮಾತ್ರ ಮಿರಜದ ಸ್ಟೇಶನ್ ರಸ್ತೆಯ ಫ್ಲೆಕ್ಸ್ ಅಂಗಡಿಯಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದ ಜ್ಯೋತೆಪ್ಪ.

ಜ್ಯೋತೆಪ್ಪ ದಣಿದ ಮನುಷ್ಯ. ಇವತ್ತು ನಿನ್ನೆ ದಣಿದವನಲ್ಲ, ವರ್ಷಾನುಗಟ್ಟಲೆ ದಣಿದವನು. ಆ ಸೀಮೆಯಲ್ಲಿ ಹುಟ್ಟಿದವರಿಗೆಲ್ಲ ಹುಟ್ಟುಹಬ್ಬ, ಹುಟ್ಟುಹಬ್ಬಕ್ಕೆಲ್ಲ ಫ್ಲೆಕ್ಸ್. ಪುಢಾರಿಗೆ ಫ್ಲೆಕ್ಸ್, ಪುಢಾರಿಯ ಮಗನಿಗೆ ಫ್ಲೆಕ್ಸ್, ಮಗನ ಗೆಳೆಯರಿಗೆ, ಗೆಳೆಯರ ಎತ್ತುಗಳಿಗೆ ಫ್ಲೆಕ್ಸ್. ಇವರೆಲ್ಲ ಸೇರಿ ಹುಟ್ಟುಹಬ್ಬ ಆಚರಿಸುವುದು ಭಾನುವಾರ. ಹಾಗಾಗಿ ಜ್ಯೋತೆಪ್ಪ ಭಾನುವಾರ ಮನೆಯಲ್ಲಿದ್ದುದೆಂದರೆ ಮೈತುಂಬ ಜ್ವರ ಬಂದಾಗ ಒಮ್ಮೆ ಮಾತ್ರ. ಆಗಲೂ ಮಾಲೀಕ ಗುರುಬಸಪ್ಪ ಫೋನು ಮಾಡಿ, ಮುಂಜಿ ಫ್ಲೆಕ್ಸಿಗೆ ಯಾವ ಕೆಂಪು ಇಡಬೇಕೆಂದು ಕೇಳಿದ್ದರು.

ಅವನಿಗೆ ಬೇಕಿದ್ದುದು ದೊಡ್ಡದೇನಲ್ಲ. ಒಂದು ಭಾನುವಾರ ಮಾಲಗಾಂವದ ತನ್ನ ಮನೆಯಲ್ಲಿ ಹಾಸಿಗೆಯ ಮೇಲೆ ಬಿದ್ದು ಕಣ್ಣು ಮುಚ್ಚಿಕೊಂಡಿರಬೇಕು. ಕೆಂಪು ಬೇಡ, ಹಳದಿ ಬೇಡ, ಗುಲಾಬಿ ಬೇಡವೇ ಬೇಡ. ರೆಪ್ಪೆಯ ಒಳಗಿನ ಕಪ್ಪೊಂದು ಸಾಕು. ಹೆಂಡತಿ ಊಟಕ್ಕೆ ಏಳಿಸಿದರೂ ಏಳಬಾರದು ಎಂದು ಅವನು ಮುಂಚೆಯೇ ತೀರ್ಮಾನಿಸಿಕೊಂಡಿದ್ದ.

ಆ ಶನಿವಾರ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುತ್ತಲೇ ಧೋಂಡಿಬಾ ಮತ್ತು ಶಿವಾಜಿ ಒಳಗೆ ಬಂದರು.

“ಇಂವ ನಮ್ಮ ಪೈಲ್ವಾನ,” ಎಂದು ಧೋಂಡಿಬಾ ಫೋನನ್ನು ಎರಡೂ ಕೈಯಲ್ಲಿ ಹಿಡಿದು ತೋರಿಸಿದ. “ನಾಳೆ ಇವನ ವಾಢದಿವಸ ಐತ್ರಿ, ಹುಟ್ಟಿದ ದಿನಾ. ಬೀಗರು, ಪಾವಣ್ಯಾರು ಬರತಾರ, ಊಟ ಐತಿ. ಇವತ್ತ ಸಂಜಿಗೆ ಊರ ಬಸ್ ಸ್ಟ್ಯಾಂಡಿನ್ಯಾಗ ಫ್ಲೆಕ್ಸ್ ಏರಬೇಕು.”

ಜ್ಯೋತೆಪ್ಪ ಫೋಟೊ ನೋಡಿದ. “ಎಲ್ಲಾರೂ ನೀಲಿ ಆಗೀರಲ್ರಿ.”

“ಅದನ್ನ ತೆಗೀರಿ ಅಂತನ ನಿಮ್ಮ ಕಡೆ ಬಂದೇವಿ. ಪೈಲ್ವಾನ ಹೆಂಗ ಅದಾನ, ಹಂಗ ಕಾಣಬೇಕು. ಹೋದ ವರ್ಷ ಆಚೀ ಓಣಿಯವ್ರು ಎತ್ತಿನ ಫ್ಲೆಕ್ಸ್ ಹಾಕಿದ್ರು, ಅದು ಕತ್ತೆ ಕಂಡಂಗ ಕಂಡು ಊರ ಮಂದಿ ಇನ್ನೂ ನಗತಾರ.”

ಈ ಮಾತು ಒಳಗೆ ಕೂತಿದ್ದ ಗುರುಬಸಪ್ಪನವರ ಕಿವಿಗೆ ಬಿತ್ತು. ಹಣೆಯ ತುಂಬ ವಿಭೂತಿ, ಬಾಯಿಯ ತುಂಬ ಎಲೆಯಡಿಕೆ ಇಟ್ಟುಕೊಂಡು ಅವರು ಹೊರಗೆ ಬಂದರು.

“ಜ್ಯೋತೆಪ್ಪಾ, ಈ ತಿಂಗಳ ಫ್ಲೆಕ್ಸ್ ಮ್ಯಾಲ ಫ್ಲೆಕ್ಸ್ ತಿರುಗಿ ಬರಾಕತ್ತಾವು. ಒಬ್ಬಾತನ ಮೀಸಿ ಹೋಗಿತ್ತು. ಒಬ್ಬಾಕಿ ಕುಂತ ನಗಾಕತ್ತಾಳ, ಹೆಸರಿನ ಮುಂದ ದಿವಂಗತ ಅಂತ ಬಿದ್ದೈತಿ. ನೋಡು, ಈ ಟಗರಿಂದು ತಿರುಗಿ ಬರಲಿಲ್ಲ ಅಂದ್ರ ನಾಳೆ ರವಿವಾರ ನಿನಗ ಸೂಟಿ, ಮನ್ಯಾಗ ಇರು.”

ಜ್ಯೋತೆಪ್ಪನ ಕೈಯಲ್ಲಿದ್ದ ಮೌಸು ನಿಂತೇ ಹೋಯಿತು. “ಖರೇನ ಹೇಳತೀರಿ?”

“ಬಸವಣ್ಣನ ಆಣಿ. ಬಂತಂದ್ರ ಮಾತ್ರ ದೀಪಾವಳಿತನಕ ಸೂಟಿ ಮಾತ ಎತ್ತಬ್ಯಾಡ.”

ಜ್ಯೋತೆಪ್ಪ ಕುರ್ಚಿಯನ್ನು ಮುಂದಕ್ಕೆಳೆದುಕೊಂಡ. ಅವನು ಅಷ್ಟು ಹುರುಪಿನಿಂದ ಕೂತದ್ದನ್ನು ಪ್ರಿಂಟಿಂಗ್ ಯಂತ್ರ ನೋಡಿಕೊಳ್ಳುತ್ತಿದ್ದ ಮನಿಷಾ ಹಿಂದೆಂದೂ ನೋಡಿರಲಿಲ್ಲ.

ಇಲ್ಲಿ ಅವನ ಕೆಲಸದ ರೀತಿಯನ್ನು ಸ್ವಲ್ಪ ಹೇಳಬೇಕು. ಅವನ ಕಂಪ್ಯೂಟರಿನಲ್ಲಿ ಪ್ರತಿ ಫೋಟೊ ಒಂದೇ ಫೈಲಿನೊಳಗೆ ಮೂರು ಅಳತೆಯಲ್ಲಿ ಇರುತ್ತಿತ್ತು: ಫೋನಿಗೆ ಕಳಿಸಲು ಚಿಕ್ಕದು, ಪರದೆಯ ಮೇಲೆ ನೋಡಲು ನಡುವಿನದು, ಫ್ಲೆಕ್ಸಿಗೆ ದೊಡ್ಡದು. ದೊಡ್ಡದರ ಬಣ್ಣ ಬದಲಿಸಲು ಹೋದರೆ ಆ ಮುದಿ ಕಂಪ್ಯೂಟರು ಗುಂಯ್‌ಗುಡುತ್ತ ಕೂತುಬಿಡುತ್ತಿತ್ತು. ಗಿರಾಕಿಯ ಮನಸ್ಸು ಬದಲಾಗಲು ಅಷ್ಟು ಹೊತ್ತು ಬೇಕಿಲ್ಲ. ಆದ್ದರಿಂದ ಜ್ಯೋತೆಪ್ಪ ಎಲ್ಲ ಪ್ರಯೋಗವನ್ನೂ ಚಿಕ್ಕದರ ಮೇಲೆ ಮಾಡುತ್ತಿದ್ದ. ಎಷ್ಟು ನೀಲಿ ತೆಗೆದೆ, ಎಷ್ಟು ಹಳದಿ ಕೂಡಿಸಿದೆ ಎಂಬುದನ್ನು ಕಂಪ್ಯೂಟರು ನೆನಪಿಟ್ಟುಕೊಳ್ಳುತ್ತಿತ್ತು. ಎಲ್ಲರೂ ತಲೆ ಆಡಿಸಿದ ಮೇಲೆ ಒಂದು ಕೀಲಿ ಒತ್ತಿದರೆ ಅದೇ ಬದಲಾವಣೆ ನಡುವಿನದಕ್ಕೂ ದೊಡ್ಡದಕ್ಕೂ ಇಳಿಯುತ್ತಿತ್ತು.

“ಹಂಗಾರ ಆ ಕೀಲಿನ ಎಲ್ಲಾ ಮಾಡತೈತಿ ಅನ್ರಿ!” ಎಂದು ಧೋಂಡಿಬಾ ಬೆರಗಾದ.

“ಎಲ್ಲಾ ಅದರದ ಆಟ,” ಎಂದ ಜ್ಯೋತೆಪ್ಪ. ಸೂಟಿಯ ಸುಖದಲ್ಲಿ ಅವನಿಗೆ ಸ್ವಲ್ಪ ಜಂಬ ಬಂದಿತ್ತು. “ನಾವೆಲ್ಲಾ ನೆಪಕ್ಕ. ಆ ಕೀಲಿ ಒತ್ತೋ ಕೈಯಾಗ ಗುಣ ಇರಬೇಕು.”

ಗುರುಬಸಪ್ಪನವರು ಎಲೆ ಜಗಿಯುವುದನ್ನು ನಿಲ್ಲಿಸಿ ಆ ಕೀಲಿಯನ್ನು ನೋಡಿದರು.

ಮೊದಲ ಪ್ರಯೋಗ ಆರಗದಲ್ಲಿದ್ದ ತುಳಸವ್ವನ ಫೋನಿಗೆ ಹೋಯಿತು. ಕೂಡಲೇ ಉತ್ತರ ಬಂತು.

“ಇನ್ನಾ ನೀಲಿ ಐತಿ. ನಾ ಬಾವ್ಯಾಗ ಬಿದ್ದು ಎದ್ದ ಬಂದಾಕಿ ಹಂಗ ಕಾಣತೇನಿ.”

ಜ್ಯೋತೆಪ್ಪ ಹಳದಿ ಕೂಡಿಸಿ ಕಳಿಸಿದ.

“ಈಗ ಕಾಮಣಿ ರೋಗ ಬಂದಾಕಿ ಹಂಗ ಕಾಣತೇನಿ. ಮೊದಲಿಂದನ ಚೊಲೋ ಇತ್ತೇನೋ.”

ಅವನು ಹಳದಿಯನ್ನು ತುಸು ಇಳಿಸಿದ. ಅಷ್ಟರಲ್ಲಿ ಆರಗದಲ್ಲಿ ತುಳಸವ್ವನ ಸುತ್ತ ಓಣಿಯ ಹೆಂಗಸರು ಸೇರಿದ್ದರು. ಒಬ್ಬಾಕೆಯ ಫೋನಿನಲ್ಲಿ ಟಗರು ಗುಲಾಬಿ ಕಾಣುತ್ತಿತ್ತು, ಇನ್ನೊಬ್ಬಾಕೆಯ ಫೋನಿನಲ್ಲಿ ತುಳಸವ್ವನ ಸೀರೆ ತನ್ನ ಸೀರೆಗಿಂತ ಚೆಂದ ಕಾಣುತ್ತಿತ್ತು, ಅದಕ್ಕೆ ಅವಳದೂ ತಕರಾರು. ಇತ್ತ ಶಿವಾಜಿಯ ಫೋನಿನ ಗಾಜು ಒಡೆದಿತ್ತು. ಅವನು ಅದನ್ನು ಬಿಸಿಲಿಗೊಮ್ಮೆ ನೆರಳಿಗೊಮ್ಮೆ ಹಿಡಿದು, “ಟಗರಿನ ಮೈಮ್ಯಾಲ ಗೆರಿ ಯಾಕ ಬಂದಾವ್ರಿ?” ಎಂದು ಮತ್ತೆಮತ್ತೆ ಕೇಳುತ್ತಿದ್ದ.

ಪಕ್ಕದ ಸಿತಾರ ಕಾರಖಾನೆಯ ಮುದುಕನೂ ಬಂದ. ಬೆಳಗಿನಿಂದ ಒಂದೇ ತಂತಿಯನ್ನು ಟೊಂಯ್ ಟೊಂಯ್ ಎನ್ನಿಸಿ ಜ್ಯೋತೆಪ್ಪನ ತಲೆ ತಿಂದದ್ದು ಸಾಲದೆಂಬಂತೆ, ಟಗರಿನ ಮಚ್ಚೆಗೆ ಸಾಗವಾನಿ ಪಾಲಿಶಿನ ಬಣ್ಣ ಬಂದರೆ ಶೋಭೆ ಎಂದು ಸಲಹೆ ಕೊಟ್ಟ. ನಡುನಡುವೆ ಕರ್ನಾಟಕದಿಂದ ರೈಲಿಳಿದ ರೋಗಿಗಳು ಅಂಗಡಿಯ ಮುಂದೆ ಬಂದು ನಿಲ್ಲುತ್ತಿದ್ದರು. ಇಲ್ಲಿ ಕನ್ನಡ ಮಾತಾಡುವವನೊಬ್ಬ ಇದ್ದಾನೆಂದು ಅವರಿಗೆ ಯಾರು ಹೇಳುತ್ತಿದ್ದರೋ, ಎಲುಬಿನ ದವಾಖಾನೆ ಎಲ್ಲಿ, ಕಣ್ಣಿನ ದವಾಖಾನೆ ಎಲ್ಲಿ ಎಂದು ಅವನನ್ನೇ ಕೇಳುತ್ತಿದ್ದರು. ಅವನು ಒಂದು ಕೈಯಲ್ಲಿ ದಾರಿ ತೋರಿಸುತ್ತ ಇನ್ನೊಂದು ಕೈಯಲ್ಲಿ ಟಗರಿನ ನೀಲಿ ತೆಗೆಯುತ್ತಿದ್ದ.

ಮಧ್ಯಾಹ್ನದ ಊಟ ಡಬ್ಬಿಯಲ್ಲೇ ಉಳಿಯಿತು. ಜ್ಯೋತೆಪ್ಪನ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಆದರೂ ಅವನು ಸಿಟ್ಟಾಗಲಿಲ್ಲ. ನಾಳೆ, ನಾಳೆ ಎಂದು ಮನಸ್ಸಿನಲ್ಲೇ ಜಪ ಮಾಡಿದ.

ಕಡೆಗೆ ತುಳಸವ್ವನಿಂದ ಫೋನೇ ಬಂತು. “ಈಗ ನೋಡ್ರಿ, ಬರೋಬ್ಬರಿ ಆತು! ನಮ್ಮ ಪೈಲ್ವಾನನ ಇವ. ಇನ್ನ ಕೈ ಹಚ್ಚಬ್ಯಾಡ್ರಿ, ಹಂಗ ಇರಲಿ.”

ಜ್ಯೋತೆಪ್ಪ ದೇವರ ಹೆಸರು ಹೇಳಿ ಕೀಲಿ ಒತ್ತಿದ. ಕಂಪ್ಯೂಟರು ಗುಂಯ್‌ಗುಟ್ಟಿತು. ಆಗಲೇ ಅಥಣಿಯ ಕಡೆಯ ಒಬ್ಬ ಅಜ್ಜಿ ಮೊಣಕಾಲು ಹಿಡಿದುಕೊಂಡು ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಬಾಯಿಂದ ಹೇಳಿದ ದಾರಿ ಅವಳಿಗೆ ತಿಳಿಯಲಿಲ್ಲ. ಜ್ಯೋತೆಪ್ಪ ನಿಟ್ಟುಸಿರು ಬಿಟ್ಟು ಅವಳ ಗಂಟು ಹೊತ್ತುಕೊಂಡು ದವಾಖಾನೆಯ ಬಾಗಿಲವರೆಗೆ ಬಿಟ್ಟುಬಂದ.

ಅವನು ತಿರುಗಿ ಬರುವಷ್ಟರಲ್ಲಿ ಫ್ಲೆಕ್ಸ್ ಛಾಪಿಸಿ ಆಗಿತ್ತು. ಯಂತ್ರದಿಂದ ಇಳಿದಿಳಿದಂತೆ ಅದು ಸುರುಳಿ ಸುತ್ತಿಕೊಂಡಿತ್ತು, ಆರಗದ ಬಸ್ಸಿನ ಹೊತ್ತೂ ಆಗಿತ್ತು. ಶಿವಾಜಿ ಅದನ್ನು ಬಿಸಿಬಿಸಿಯಾಗಿಯೇ ಹೆಗಲಿಗೇರಿಸಿಕೊಂಡು ಓಡಿದ. ಧೋಂಡಿಬಾ ಹೋಗುತ್ತ ಹೋಗುತ್ತ ಜ್ಯೋತೆಪ್ಪನ ಕೈ ಹಿಡಿದು, “ನಾಳೆ ಊಟಕ್ಕ ಬರ್ರಿ,” ಎಂದ.

“ನಾಳೆ ನಾ ಮಲಗತೇನ್ರಿ,” ಎಂದ ಜ್ಯೋತೆಪ್ಪ ನಗುತ್ತ.

ಅವನು ಕೂತು, ಕೊನೆಗೂ ಡಬ್ಬಿ ಬಿಚ್ಚಿ, ರೊಟ್ಟಿಯ ಮೊದಲ ತುತ್ತು ಬಾಯಿಗಿಟ್ಟುಕೊಂಡು, ಸುಮ್ಮನೆ ಪರದೆಯ ಮೇಲೆ ದೊಡ್ಡ ಫೋಟೊ ತೆರೆದ. ಪರದೆಯ ತುಂಬ ಹಳದಿ. ಟಗರು ಹಳದಿ, ಧೋಂಡಿಬಾ ಹಳದಿ, ತುಳಸವ್ವ ಹಳದಿ, ಹಿಂದಿನ ಗೋಡೆ, ಮೇಲಿನ ತಾಡಪತ್ರಿ, ಟಗರಿನ ಹಲ್ಲು ಕೂಡ ಹಳದಿ.

“ಮನಿಷಾ! ಇದೇನ ಇದು?”

“ಕಾಕಾ, ಜೆ ಆಲಂ ತೆ ಛಾಪಲಂ,” ಎಂದಳು ಮನಿಷಾ ಗಾಬರಿಯಿಂದ. ಅವಳಿಗೆ ಕನ್ನಡ ತಿಳಿಯುತ್ತಿತ್ತು, ಗಾಬರಿಯಾದಾಗ ಬಾಯಿಗೆ ಮರಾಠಿಯೇ ಬರುತ್ತಿತ್ತು. ಬಂದದ್ದನ್ನು ಛಾಪಿಸಿದೆ ಎಂದು ಹೇಳಿ ಅವಳು ಮಾಲೀಕರ ಕಡೆ ನೋಡಿದಳು.

ಗುರುಬಸಪ್ಪನವರು ಶಾಂತವಾಗಿ ಎಲೆಗೆ ಸುಣ್ಣ ಹಚ್ಚುತ್ತಿದ್ದರು. “ಯಾಕ, ಏನಾತು? ನೀ ಅಜ್ಜೀನ ಬಿಡಾಕ ಹೋದಾಗ ಆ ಕೀಲಿ ನಾನೂ ಒಮ್ಮೆ ಒತ್ತೇನಿ.”

“ನೀವ್ಯಾಕ ಒತ್ತಿದ್ರಿ?”

“ಯಾಕಂದ್ರ? ನಮ್ಮಪ್ಪ ಪೇಟ್ಯಾಗ ಬೆಲ್ಲದ ವ್ಯಾಪಾರ ಮಾಡಾವ. ಮಾಲಕನ ಬಲಗೈ ತಾಗದ ಒಂದು ಪೆಂಟೀನೂ ಹೊಸ್ತಿಲಾ ದಾಟತಿರಲಿಲ್ಲ. ಇಷ್ಟ ದಿನಾ ನಾ ಹುಚ್ಚನಂಗ ಸುತ್ತಿದ ಫ್ಲೆಕ್ಸ್ ಮುಟ್ಟಿ ಕಳಸ್ತಿದ್ದೆ. ಎಲ್ಲಾ ಆ ಕೀಲೀದ ಆಟ, ಒತ್ತೋ ಕೈಯಾಗ ಗುಣ ಇರಬೇಕು ಅಂತ ನೀನ ಹೇಳಿದೆಲ್ಲ, ಇವತ್ತ ತಿಳೀತು.”

ಜ್ಯೋತೆಪ್ಪ ತಲೆಯ ಮೇಲೆ ಕೈ ಹೊತ್ತ. ಆ ಕೀಲಿಗೆ ವಿಧೇಯತೆ ಇತ್ತೇ ಹೊರತು ಬುದ್ಧಿ ಇರಲಿಲ್ಲ. ಒಮ್ಮೆ ಬಣ್ಣ ಬದಲಾಗಿದೆಯೋ ಇಲ್ಲವೋ ಎಂದು ಅದು ನೋಡುವುದಿಲ್ಲ. ಮತ್ತೆ ಒತ್ತಿದರೆ ಬದಲಾದ ಬಣ್ಣದ ಮೇಲೆಯೇ ಮತ್ತೊಮ್ಮೆ ಬದಲಿಸುತ್ತದೆ. ಮೊದಲ ಸಲ ನೀಲಿ ಹೋಗಿತ್ತು. ಎರಡನೆಯ ಸಲ ತೆಗೆಯಲು ನೀಲಿಯೇ ಇರಲಿಲ್ಲ, ಕೂಡಿಸಿದ ಹಳದಿಯೆಲ್ಲ ಹಾಗೇ ನಿಂತುಕೊಂಡಿತ್ತು. ಫೋನಿಗೆ ಹೋದ ಚಿಕ್ಕ ಫೋಟೊ ಮಾತ್ರ ಏನೂ ಆಗದಂತೆ ಚೆಂದವಾಗಿತ್ತು.

“ಇದು ತಿರುಗಿ ಬರತೈತ್ರಿ ಮಾಲಕ್ರ. ನಿಮ್ಮ ಕೈಯಿಂದ ಆಗಿದ್ದು.”

“ನನ್ನ ಕೈ ತಾಗಿದ ಮಾಲು ಎಂದೂ ತಿರುಗಿ ಬಂದಿಲ್ಲ,” ಎಂದರು ಗುರುಬಸಪ್ಪ. “ಬಂತಂದ್ರ ನಿಂದ ಏನೋ ತಪ್ಪಿರಬೇಕು. ಮಾತು ಅಂದ್ರ ಮಾತ, ದೀಪಾವಳಿತನಕ ಸೂಟಿ ಇಲ್ಲ.”

ಜ್ಯೋತೆಪ್ಪ ಧೋಂಡಿಬಾನಿಗೆ ಫೋನು ಮಾಡಿದ. ಬಸ್ಸಿನ ಗದ್ದಲದಲ್ಲಿ ಧೋಂಡಿಬಾ, “ಹಾಂ, ಹಾಂ, ಊಟಕ್ಕ ಬರ್ರಿ ಅಂದೇನಲ್ಲ,” ಎಂದು ಇಟ್ಟುಬಿಟ್ಟ. ಬೇರೆ ಛಾಪಿಸಿ ಒಯ್ದರೆ ಅದೂ ತಿರುಗಿ ಬಂದ ಲೆಕ್ಕವೇ. ಇನ್ನು ಉಳಿದದ್ದು ಒಂದೇ ದಾರಿ. ಆರಗಕ್ಕೆ ಹೋಗಿ ಕೈಕಾಲು ಹಿಡಿದಾದರೂ ಸರಿ, ಆ ಫ್ಲೆಕ್ಸ್ ಮಿರಜಕ್ಕೆ ತಿರುಗಿ ಬರದಂತೆ ನೋಡಿಕೊಳ್ಳಬೇಕು. ಹರಿದುಹಾಕಲಿ, ಕಣಕಿಯ ಬಣವೆಗೆ ಹೊದಿಸಲಿ, ತನಗೆ ಎರಡೇಟು ಹೊಡೆಯಲಿ, ಅಂಗಡಿಗೆ ಮಾತ್ರ ತರಬಾರದು.

ಮನಿಷಾ ತನ್ನ ಸ್ಕೂಟಿ ತೆಗೆದಳು. “ಕಾಕಾ, ನೀಟ ಹಿಡ್ಕೋರಿ, ಪಡೂ ನಕಾ.” ಬೀಳಬೇಡಿ ಎಂದವಳೇ ಬೀಳಿಸುವ ಹಾಗೆ ಓಡಿಸಿದಳು. ಕಬ್ಬಿನ ಟ್ರ್ಯಾಕ್ಟರುಗಳ ಸಂದಿಯಲ್ಲಿ ನುಗ್ಗುವಾಗ ಜ್ಯೋತೆಪ್ಪ ಕಣ್ಣು ಮುಚ್ಚಿಕೊಂಡ. ರೆಪ್ಪೆಯ ಒಳಗೂ ಹಳದಿಯೇ ಕಂಡಿತು. ಇಡೀ ಜೀವಮಾನದಲ್ಲಿ ತಾನು ಕೇಳಿದ್ದು ಒಂದು ಭಾನುವಾರ, ಅದನ್ನೂ ಒಂದು ಬಲಗೈ ಒತ್ತಿ ಕೊಂದಿತಲ್ಲ ಎಂದು ಅವನಿಗೆ ನಿಜವಾಗಿಯೂ ಅಳು ಬಂತು.

ಆರಗದ ಬಸ್ ಸ್ಟ್ಯಾಂಡಿನಲ್ಲಿ ಫ್ಲೆಕ್ಸ್ ಆಗಲೇ ಎರಡು ಬಿದಿರುಗಳ ನಡುವೆ ಏರಿತ್ತು. ಸಂಜೆಯ ಬಿಸಿಲು ಅದರ ಮೇಲೆ ಬಿದ್ದು ಕಣ್ಣು ಕುಕ್ಕುತ್ತಿತ್ತು. ಅದರ ಕೆಳಗೆ ಅರ್ಧ ಊರು ನಿಂತಿತ್ತು. ಎಲ್ಲರೂ ಕತ್ತೆತ್ತಿ ಅದನ್ನೇ ನೋಡುತ್ತಿದ್ದರು. ಪಕ್ಕದಲ್ಲಿ ಕಟ್ಟಿಹಾಕಿದ್ದ ನಿಜವಾದ ಪೈಲ್ವಾನ ಮಾತ್ರ ಯಾರದೋ ಚೀಲಕ್ಕೆ ಬಾಯಿ ಹಾಕಿ ಏನನ್ನೋ ಅಗಿಯುತ್ತಿತ್ತು.

ಧೋಂಡಿಬಾ ಇವರನ್ನು ನೋಡಿದವನೇ ಓಡಿ ಬಂದ. ಜ್ಯೋತೆಪ್ಪ ಹೊಡೆತಕ್ಕೆ ತಯಾರಾಗಿ ಕೆನ್ನೆ ಒಡ್ಡಿ ನಿಂತ. ಧೋಂಡಿಬಾ ಬಂದವನೇ ಅವನನ್ನು ಗಟ್ಟಿಯಾಗಿ ಅಪ್ಪಿಕೊಂಡ.

“ಏನ ಮಾಡೀರಿ ನೀವು! ಬೀರಪ್ಪನ ಭಂಡಾರಾನ ಸುರುವಿಬಿಟ್ಟೀರಲ್ರಿ!”

ಜ್ಯೋತೆಪ್ಪನಿಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಧೋಂಡಿಬಾನ ಮನೆಯವರು ಕುರುಬರು, ಬೀರಪ್ಪ ಅವರ ಮನೆದೇವರು. ಅವನ ಹೆಸರಿನಲ್ಲಿ ತೂರುವ ಅರಿಶಿನಕ್ಕೇ ಭಂಡಾರ ಎನ್ನುವುದು. ಜಾತ್ರೆಯ ದಿನ ದೇವರು, ಡೊಳ್ಳು, ಮಂದಿ, ಕುರಿ ಎಲ್ಲವೂ ಅದರಲ್ಲಿ ಮಿಂದು ಹಳದಿಯಾಗುತ್ತವೆ. ಫ್ಲೆಕ್ಸಿನಲ್ಲಿ ಗಂಡ, ಹೆಂಡತಿ, ಟಗರು ಮೂವರೂ ಥೇಟ್ ಹಾಗೆಯೇ ನಿಂತಿದ್ದರು. ತುಳಸವ್ವನ ಕಣ್ಣಲ್ಲಿ ನೀರಿತ್ತು. ಯಾರೋ ಫ್ಲೆಕ್ಸಿನ ಮುಂದೆ ತೆಂಗಿನಕಾಯಿ ಒಡೆದಿದ್ದರು. ಪೈಲ್ವಾನ ಅಗಿಯುತ್ತಿದ್ದುದು ಅದರ ಚೂರನ್ನೇ.

“ಫೋನಿನ್ಯಾಗ ಸಾದಾ ಕಳಿಸಿ, ಫ್ಲೆಕ್ಸಿನ್ಯಾಗ ಇದನ್ನ ಮಾಡಿ ಇಟ್ಟಿದ್ರಿ,” ಎಂದಳು ತುಳಸವ್ವ. “ನಮ್ಮ ಮನಸಿನ್ಯಾಗಿಂದು ನಿಮಗ ಹೆಂಗ ತಿಳೀತು?”

ಮನಿಷಾ ನಿಜ ಹೇಳಲು ಬಾಯಿ ತೆರೆದಳು. ಜ್ಯೋತೆಪ್ಪ ಅವಳ ಕಾಲು ತುಳಿದ. ಭಾನುವಾರ ಸತ್ತು ಬದುಕಿ ಬಂದಿತ್ತು. ಈಗ ಸತ್ಯ ಹೇಳಿ ಕೆಡಿಸುವಷ್ಟು ತ್ರಾಣ ಅವನಲ್ಲಿರಲಿಲ್ಲ.

“ಬೇಕಂತನ ಮಾಡೇನ್ರಿ,” ಎಂದ. “ಈ ಹಳದಿ ಎಲ್ಲಾರಿಗೂ ಬರೂದಿಲ್ಲ. ಇದರ ಹದ ನನ್ನ ಕೈಯಾಗ ಐತಿ.”

ಆಗಲೇ ಗುರುಬಸಪ್ಪನವರ ಫೋನು ಬಂತು. ಜ್ಯೋತೆಪ್ಪ ಖುಷಿಯಲ್ಲಿ ಅದನ್ನು ಎಲ್ಲರಿಗೂ ಕೇಳುವಂತೆ ಹಾಕಿದ. ಧೋಂಡಿಬಾ ಫ್ಲೆಕ್ಸನ್ನು ಹೊಗಳಿದ ಹೊಗಳಿಕೆಗೆ ಅತ್ತ ಕಡೆಯಿಂದ, “ನಾ ಹೇಳಿರಲಿಲ್ಲ? ನನ್ನ ಕೈ ತಾಗಿದ ಮಾಲು ಅದು!” ಎಂಬ ಕೂಗು ಬಂತು. “ಜ್ಯೋತೆಪ್ಪಾ, ನಾಳೆ ನಿನಗ ಸೂಟಿ. ಅಂಗಡಿ ಕಡೆ ತಲಿ ಹಾಕಿ ಸೈತ ಮಲಗಬ್ಯಾಡ!”

ಜ್ಯೋತೆಪ್ಪನಿಗೆ ಮೈ ಹಗುರಾಯಿತು. ಅವನು ಸ್ಕೂಟಿಯ ಕಡೆ ಹೊರಟ. ಹಿಂದಿನಿಂದ ಕೆಮ್ಮಿನ ಸದ್ದು ಕೇಳಿಸಿತು. ಊರಿನ ಹಿರಿಯ ರೇವಪ್ಪ ಕಟ್ಟೆಯ ಮೇಲೆ ಕೂತು ಬಹಳ ಹೊತ್ತಿನಿಂದ ಫ್ಲೆಕ್ಸನ್ನೊಮ್ಮೆ ಟಗರನ್ನೊಮ್ಮೆ ನೋಡುತ್ತಿದ್ದ.

“ಎಲ್ಲಾ ಖರೆ,” ಎಂದ ರೇವಪ್ಪ. “ಆದ್ರ ಮ್ಯಾಲಿನ ಟಗರ ಒಂದು ಬಣ್ಣ, ಕೆಳಗಿನ ಟಗರ ಒಂದು ಬಣ್ಣ. ನಾಳೆ ಪಾವಣ್ಯಾರು ಬಂದು, ಫ್ಲೆಕ್ಸಿನ್ಯಾಗಿನ ಪೈಲ್ವಾನ ಎಲ್ಲಿ, ಇದ್ಯಾವ ಬಡಕ ಟಗರ ಕಟ್ಟೀರಿ ಅಂದ್ರ ಏನ ಹೇಳತೀರಿ?”

ಎಲ್ಲರೂ ಟಗರನ್ನು ನೋಡಿದರು. ನಿಜವೇ. ಆ ಹಳದಿಯ ಮುಂದೆ ಬಡ ಪೈಲ್ವಾನ ಜ್ವರ ಬಿಟ್ಟೆದ್ದವನಂತೆ ಕಾಣುತ್ತಿತ್ತು. ಧೋಂಡಿಬಾನ ಮುಖ ಬಾಡಿತು.

“ಹಂಗಾರ ಫ್ಲೆಕ್ಸ್ ಇಳಸಿ ಮಿರಜಿಗೆ ಒಯ್ಯಲೇನು?” ಎಂದ ಶಿವಾಜಿ. “ಇನ್ನಾ ಒಂದು ಬಸ್ ಐತಿ. ಸಾದಾ ಬಣ್ಣದ್ದು ಮಾಡಿಸ್ಕೊಂಡು ಬರತೇನಿ.” ಹಾಗೆಂದವನೇ ಬಿದಿರು ಹತ್ತಲು ಶುರುಮಾಡಿದ.

“ಬ್ಯಾಡ!” ಎಂದು ಜ್ಯೋತೆಪ್ಪ ಚೀರಿದ ಚೀರಿಗೆ ಪೈಲ್ವಾನ ಅಗಿಯುವುದನ್ನು ನಿಲ್ಲಿಸಿತು. “ಫ್ಲೆಕ್ಸ್ ಮುಟ್ಟಬ್ಯಾಡ್ರಿ! ಫ್ಲೆಕ್ಸ್ ಬರೋಬ್ಬರಿ ಐತಿ! ಬಣ್ಣ ಹಚ್ಚೂದಾದ್ರ ಟಗರಿಗೆ ಹಚ್ಚರಿ!”

ರೇವಪ್ಪ ಮೆಲ್ಲಗೆ ತಲೆ ಆಡಿಸಿದ. ಧೋಂಡಿಬಾನ ಮುಖ ಅರಳಿತು. ಶಿವಾಜಿ ಬಿದಿರಿನಿಂದ ಜಾರಿ ಇಳಿದ. ಜ್ಯೋತೆಪ್ಪ ಉಸಿರು ಬಿಟ್ಟ.

“ಭಾಳ ಚೊಲೋ ಮಾತು,” ಎಂದಳು ತುಳಸವ್ವ. “ಆದ್ರ ಬರೀ ಅರಿಶಿನ ಬಡದ್ರ ಈ ಬಣ್ಣ ಬರೂದಿಲ್ಲ. ಇದರ ಹದ ನಿಮ್ಮ ಕೈಯಾಗ ಐತಿ ಅಂತ ನೀವ ಅಂದ್ರಿ.”

“ಅಲ್ರಿ, ನಾ ಏನ ಅಂದೆ ಅಂದ್ರ...”

“ನಾಳೆ ಸೂಟೀನೂ ಐತಿ, ಎಲ್ಲಾರೂ ಕೇಳೇವಿ,” ಎಂದು ಧೋಂಡಿಬಾ ಅವನ ಹೆಗಲ ಮೇಲೆ ಕೈ ಹಾಕಿದ. “ಹೊತ್ತು ಮೂಡೂದ್ರಾಗ ಬಂದುಬಿಡ್ರಿ. ಮೈ ತೊಳದು ಇಟ್ಟಿರತೇವಿ. ಒಲ್ಲೆ ಅಂದ್ರ ಹೇಳ್ರಿ, ಫ್ಲೆಕ್ಸ್ ಒಯ್ಯಾಕ ಶಿವಾಜಿ ತಯಾರ ಅದಾನ.”

ಜ್ಯೋತೆಪ್ಪ ಮಿರಜದ ದಿಕ್ಕಿಗೊಮ್ಮೆ, ಟಗರಿನ ದಿಕ್ಕಿಗೊಮ್ಮೆ ನೋಡಿದ. ಮನಿಷಾ ಬಾಯಿಗೆ ಓಢಣಿ ಅಡ್ಡ ಹಿಡಿದು ನಗುತ್ತಿದ್ದಳು.

ಹೀಗೆ ಎಷ್ಟೋ ವರ್ಷಗಳ ಮೇಲೆ ಸಿಕ್ಕ ಆ ಭಾನುವಾರ ಸೂರ್ಯ ಹುಟ್ಟುವ ಹೊತ್ತಿಗೆ ಜ್ಯೋತೆಪ್ಪ ಆರಗದ ಹಟ್ಟಿಯಲ್ಲಿ ಮೊಣಕೈವರೆಗೆ ಅರಿಶಿನ ಮೆತ್ತಿಕೊಂಡು ಕುಕ್ಕರುಗಾಲಿನಲ್ಲಿ ಕೂತಿದ್ದ. ತುಳಸವ್ವ ದೂರ ನಿಂತು, ಹೊಟ್ಟೆಯ ಕೆಳಗೆ ಇನ್ನೂ ಬಿಳಿ ಕಾಣುತ್ತದೆಂದು ಹೇಳುತ್ತಿದ್ದಳು. ಹಿಂದಿನ ದಿನದ ದಣಿವಿಗೆ ಅವನ ರೆಪ್ಪೆಗಳು ತಾವಾಗಿಯೇ ಮುಚ್ಚುತ್ತಿದ್ದವು. ಆದರೆ ಕಣ್ಣು ಮುಚ್ಚಿದಾಗಲೆಲ್ಲ ಪೈಲ್ವಾನ ಗುದ್ದುತ್ತಿತ್ತು.